ವೇಲಾಂಕಣಿಯ ಆರೋಗ್ಯಮಾತೆ

ತಂಜಾವೂರಿನಿಂದ ಪೂರ್ವಕ್ಕೆ ಹೊರಟು, ಕಾವೇರಿಯ ಕಾಲುವೆಗಳ ನೀರುಂಡು ಬೆಳೆಯುವ ಗದ್ದೆಬಯಲುಗಳನ್ನು ದಾಟಿದರೆ, ಬಂಗಾಳ ಕೊಲ್ಲಿಯ ತೀರದಲ್ಲಿ ನಾಗಪಟ್ಟಣವೆಂಬ ಹಳೆಯ ರೇವುಪಟ್ಟಣವು ಸಿಕ್ಕುವುದು. ಅಲ್ಲಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ವೇಲಾಂಕಣಿ. ಕೊಡಗಿನಲ್ಲಿ ಹುಟ್ಟಿದ ನದಿಯು ಸಮುದ್ರವನ್ನು ಸೇರುವ ಸೀಮೆ ಇದಾದುದರಿಂದ, ಕನ್ನಡಿಗರಾದ ನಮಗೆ ಅದು ತೀರ ಪರಸ್ಥಳವೆಂದು ತೋರಲಿಲ್ಲ. ಆ ಊರಿನಲ್ಲಿ ನೆಲೆಗೊಂಡಿರುವ ಮೇರಿಮಾತೆಯನ್ನು ಜನರು ಆರೋಗ್ಯಮಾತೆಯೆಂದು ಕರೆಯುತ್ತಾರೆ.

ಎಲ್ಲ ಕ್ಷೇತ್ರಗಳಂತೆ ಇದಕ್ಕೂ ಸ್ಥಳಪುರಾಣವುಂಟು, ಒಂದಲ್ಲ, ಮೂರು. ಹಾಲು ಹೊತ್ತುಕೊಂಡು ಹೋಗುತ್ತಿದ್ದ ಹುಡುಗನೊಬ್ಬನು ಕೊಳದ ಬಳಿ ಮರದ ನೆರಳಿನಲ್ಲಿ ಮಲಗಿದ್ದಾಗ, ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು ತನ್ನ ಕೂಸಿಗೆ ಹಾಲು ಬೇಡಿದಳಂತೆ. ಹುಡುಗನು ಕೊಟ್ಟನು. ಹಾಲು ಕಡಿಮೆಯಾಯಿತೆಂದು ಹೆದರುತ್ತ ಒಡೆಯನ ಮನೆಯನ್ನು ಸೇರಿದಾಗ ಗಡಿಗೆಯು ತುಂಬಿ ತುಳುಕುತ್ತಿತ್ತು. ಆ ಕೊಳವನ್ನು ಇಂದಿಗೂ ಮಾತಾಕುಳಂ ಎನ್ನುತ್ತಾರೆ. ಎರಡನೆಯ ಕಥೆಯು ಬಡ ವಿಧವೆಯೊಬ್ಬಳ ಕುಂಟ ಮಗನದು. ನಡುತಿಟ್ಟು ಎಂಬಲ್ಲಿ ಮಜ್ಜಿಗೆ ಮಾರುತ್ತ ಕುಳಿತಿದ್ದ ಅವನ ಬಳಿಯೂ ಅದೇ ತಾಯಿ ಬಂದು ಮಗುವಿಗಾಗಿ ಮಜ್ಜಿಗೆ ಕೇಳಿದಳು; ಬಳಿಕ ನಾಗಪಟ್ಟಣದ ಸಿರಿವಂತನೊಬ್ಬನಿಗೆ ತನ್ನ ಸುದ್ದಿಯನ್ನು ಮುಟ್ಟಿಸೆಂದಳು. ಹುಡುಗನು ಎದ್ದು ನಿಂತು ನೋಡಿದರೆ ಕಾಲುಗಳು ನೆಟ್ಟಗಾಗಿದ್ದುವು. ಅಲ್ಲಿ ಮೊದಲ ಹುಲ್ಲುಚಾವಣಿಯ ಗುಡಿ ಎದ್ದಿತು. ಮೂರನೆಯದು, ಮಕಾವಿನಿಂದ ಸಿಂಹಳಕ್ಕೆ ಹೊರಟು ಬಿರುಗಾಳಿಗೆ ಸಿಲುಕಿದ ಪೋರ್ಚುಗೀಸ್ ನಾವಿಕರ ಕಥೆ. ದಡ ಮುಟ್ಟಿದಲ್ಲಿ ಮಾತೆಗೆ ದೇವಾಲಯ ಕಟ್ಟಿಸುವೆವೆಂದು ಅವರು ಹರಕೆ ಹೊತ್ತರು. ಅವರ ಹಡಗು ಈ ಮರಳನ್ನು ಮುಟ್ಟಿದ್ದು ಸೆಪ್ಟೆಂಬರ್ ೮ರಂದು, ಮಾತೆಯ ಜನ್ಮದಿನದಲ್ಲಿ. ಅವರು ಮರುಪ್ರಯಾಣದಲ್ಲಿ ತಂದರೆನ್ನುವ ಪಿಂಗಾಣಿ ತಟ್ಟೆಗಳು ಪೂಜಾಪೀಠದಲ್ಲಿವೆ.

ಈ ಮೂರರಲ್ಲಿ ಎರಡು ಕಥೆಗಳಲ್ಲಿ ಬೇಡುವವಳು ತಾಯಿಯೇ ಎಂಬುದನ್ನು ವಾಚಕರು ಗಮನಿಸಬೇಕು. ಅವಳು ಬೇಡಿದ್ದು ಚಿನ್ನವನ್ನಲ್ಲ. ಮಗುವಿಗೆ ಒಂದು ಗುಟುಕು ಹಾಲು. ಗೃಹಸ್ಥರ ಮನೆಯ ಬಾಗಿಲಲ್ಲಿ ಇಂಥ ಮಾತನ್ನಾಡಿದವರನ್ನು ಯಾರು ತಾನೆ ಬರಿಗೈಯಲ್ಲಿ ಕಳುಹಿಸಿಯಾರು? ಹಸಿದ ಕೂಸಿನ ತಾಯಿಯಾಗಿ ಮೊದಲು ಪರಿಚಯವಾದವಳಾದುದರಿಂದಲೇ ಅವಳೊಡನೆ ಜನರಿಗೆ ಅಷ್ಟು ಸಲಿಗೆಯೆಂದು ನಮಗೆ ತೋರಿತು.

೧೭೭೧ರಲ್ಲಿ ಪ್ರತ್ಯೇಕ ಧರ್ಮಕೇಂದ್ರವಾದ ಈ ಸ್ಥಳಕ್ಕೆ ೧೯೬೨ರಲ್ಲಿ ಇಪ್ಪತ್ತಮೂರನೆಯ ಯೋಹಾನ ಜಗದ್ಗುರುಗಳು ಬೆಸಿಲಿಕಾ ಎಂಬ ಪದವಿಯನ್ನಿತ್ತರು. ಬಿಳಿಯ ಗೋಪುರಗಳು ದೂರದಿಂದಲೇ ಕಾಣುತ್ತವೆ. ಒಳಗೆ ಸೀರೆಯುಟ್ಟು, ಕಂಕುಳಲ್ಲಿ ಮಗುವನ್ನಿರಿಸಿಕೊಂಡ ಮಾತೆಯ ವಿಗ್ರಹವಿದೆ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ದೇವಾಲಯವನ್ನು ಕಂಡವರಿಗೆ ಈ ರೂಪವು ಹೊಸದಲ್ಲ. ಅಲ್ಲಿಯ ಮಾತೆಯೂ ಸೀರೆಯುಟ್ಟವಳೇ. ಎರಡು ಕಡೆಗಳಲ್ಲಿಯೂ ಆಗಸ್ಟ್ ೨೯ರಂದು ಧ್ವಜವೇರಿ ಸೆಪ್ಟೆಂಬರ್ ೮ರವರೆಗೆ ಉತ್ಸವ ನಡೆಯುವುದು. ಆ ದಿನಗಳಲ್ಲಿ ವೇಲಾಂಕಣಿಯಲ್ಲಿ ತಮಿಳಿನೊಡನೆ ಮಲಯಾಳ, ತೆಲುಗು, ಕನ್ನಡ, ಕೊಂಕಣಿ ಮುಂತಾದ ಭಾಷೆಗಳಲ್ಲಿಯೂ ಬಲಿಪೂಜೆಗಳಾಗುತ್ತವೆ. ಬೆಂಗಳೂರಿನಿಂದ ಕಾವಿ ಬಣ್ಣದ ಬಟ್ಟೆಯುಟ್ಟು ಕಾಲ್ನಡಿಗೆಯಲ್ಲಿಯೇ ಹೊರಡುವ ಭಕ್ತರ ಗುಂಪುಗಳೂ ಉಂಟು.

ಹರಕೆಯ ಕ್ರಮಗಳನ್ನು ನೋಡಿದರೆ ನಮ್ಮ ಊರಿನ ಜಾತ್ರೆಯೇ ನೆನಪಾಗುವುದು. ಕೆಲವರು ಮುಡಿ ಕೊಡುತ್ತಾರೆ. ಕೆಲವರು ಮೇಣದ ಬತ್ತಿ ಹಚ್ಚುತ್ತಾರೆ. ಗುಣವಾದ ಕೈ, ಕಾಲು, ಕಣ್ಣುಗಳ ಬೆಳ್ಳಿಯ ತಗಡನ್ನೋ, ಮಗುವಾದ ಸಂತೋಷಕ್ಕೆ ಪುಟ್ಟ ತೊಟ್ಟಿಲನ್ನೋ ಒಪ್ಪಿಸುತ್ತಾರೆ. ದೇವಾಲಯದಿಂದ ಕೊಳದ ಕಡೆಗೆ ಹೋಗುವ ಮರಳಿನ ಹಾದಿಯಲ್ಲಿ ಮೊಣಕಾಲೂರಿ ಸಾಗುವವರನ್ನು ಕಂಡೆವು. ಹಣೆಯಲ್ಲಿ ಕುಂಕುಮವಿಟ್ಟ ಹೆಂಗಸರು, ಮುಸಲ್ಮಾನ ಕುಟುಂಬಗಳು ಕೂಡ ಅದೇ ಸಾಲಿನಲ್ಲಿ ನಿಂತಿದ್ದುವು.

ಹಾಗಾದರೆ ಕಥೋಲಿಕರು ಮೇರಿಯನ್ನು ದೇವರೆಂದು ಪೂಜಿಸುವರೇ ಎಂದು ಕೇಳುವವರುಂಟು. ಇಲ್ಲವೆಂಬುದೇ ಅವರ ಧರ್ಮಸಭೆಯ ಉತ್ತರ. ಆರಾಧನೆಯು ದೇವರೊಬ್ಬನಿಗೇ ಸಲ್ಲತಕ್ಕದ್ದು, ವಿಗ್ರಹಗಳಿಗೆ ಸಲ್ಲುವುದು ಗೌರವವೆಂದು ೭೮೭ರಲ್ಲಿ ನಿಕೇಯದಲ್ಲಿ ಸೇರಿದ ಮಹಾಸಭೆಯು ನಿರ್ಣಯಿಸಿತು. ಮೇರಿಗೆ ಸಲ್ಲಿಸುವುದು ಬಿನ್ನಹವನ್ನು. ನಮಗಾಗಿ ನೀನು ದೇವರನ್ನು ಬೇಡಿಕೋ ಎಂಬುದಷ್ಟೇ ಅದರ ತಿರುಳು. ತಂದೆಯೆದುರು ನಿಲ್ಲಲು ಅಂಜುವ ಮಗು ತಾಯಿಯ ಸೆರಗನ್ನು ಹಿಡಿಯುವುದು ಎಲ್ಲ ಮನೆಗಳಲ್ಲಿಯೂ ನಡೆಯುವ ಸಂಗತಿ. ಜೀವನನ್ನು ಕ್ಷಮಿಸೆಂದು ಲಕ್ಷ್ಮಿಯು ನಾರಾಯಣನಲ್ಲಿ ಹೇಳುವಳೆಂದು ಶ್ರೀವೈಷ್ಣವರು ನಂಬುತ್ತಾರೆ, ಅದನ್ನು ಪುರುಷಕಾರವೆನ್ನುತ್ತಾರೆ. ಆದರೆ ಒಂದು ಭೇದವುಂಟು: ಲಕ್ಷ್ಮಿಯು ದೇವಿ, ಮೇರಿಯಾದರೋ ನಮ್ಮಂತೆಯೇ ಮನುಷ್ಯಳು.

ಅವರು ಜಪಸರದಲ್ಲಿ ಎಣಿಸುವ ‘ನಮೋ ಮರಿಯಾ’ ಎಂಬ ಪ್ರಾರ್ಥನೆಗೆ ಎರಡು ಭಾಗಗಳಿವೆ. ಮೊದಲನೆಯದು ಲೂಕನ ಸುವಾರ್ತೆಯಲ್ಲಿ ದೇವದೂತನೂ ಬಂಧುವಾದ ಎಲಿಜಬೇತಳೂ ಮೇರಿಗೆ ಹೇಳಿದ ವಂದನೆ. ಎರಡನೆಯದು ಭಕ್ತರ ಬೇಡಿಕೆ. ಇದು ೧೫೬೮ರ ರೋಮನ್ ಪ್ರಾರ್ಥನಾಗ್ರಂಥದಲ್ಲಿ ಈಗಿನ ರೂಪದಲ್ಲಿ ನೆಲೆಗೊಂಡಿತು. ಜಪಸರದ ಒಂದು ಸುತ್ತಿನಲ್ಲಿ ಇದನ್ನು ೫೩ ಸಲ ಹೇಳಬೇಕು. ಆ ಬೇಡಿಕೆಯಲ್ಲಿ ಧನವಿಲ್ಲ, ಆಯುಸ್ಸಿಲ್ಲ, ಆರೋಗ್ಯವೂ ಇಲ್ಲ. ಅದರಲ್ಲಿ ಎರಡು ಗಳಿಗೆಗಳ ಹೆಸರು ಮಾತ್ರವಿದೆ: ಒಂದು, ಈ ಗಳಿಗೆ, ಇನ್ನೊಂದು, ಸಾಯುವ ಗಳಿಗೆ. ಆ ಎರಡರಲ್ಲಿಯೂ ತಾಯಿ ತಮಗಾಗಿ ಬೇಡಬೇಕೆಂದು ಭಕ್ತರು ಕೇಳುತ್ತಾರೆಯೇ ಹೊರತು, ಸಾವು ಬಾರದಿರಲೆಂದು ಕೇಳುವುದಿಲ್ಲ.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವುಂಟು. ೨೦೦೪ನೆಯ ಇಸವಿ ಡಿಸೆಂಬರ್ ೨೬ರಂದು, ಕ್ರಿಸ್ತಜಯಂತಿಯ ಮರುದಿನ, ಭಾನುವಾರ ಬೆಳಗ್ಗೆ ಆರೂವರೆಯ ಸುಮಾರಿಗೆ ಸುಮಾತ್ರದ ಬಳಿ ಕಡಲ ತಳದ ನೆಲವು ನಡುಗಿತು. ಒಂಬತ್ತು ಗಂಟೆಯ ಸುಮಾರಿಗೆ ಸುನಾಮಿಯ ಅಲೆಗಳು ಈ ತೀರಕ್ಕೆ ಅಪ್ಪಳಿಸಿದುವು. ನಾಗಪಟ್ಟಣ ಜಿಲ್ಲೆಯೊಂದರಲ್ಲಿಯೇ ಆರು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಹಬ್ಬಕ್ಕೆಂದು ವೇಲಾಂಕಣಿಗೆ ಬಂದು, ಕಡಲ ದಡದಲ್ಲಿ ನಿಂತಿದ್ದ ಯಾತ್ರಿಕರು ನೂರಾರು ಮಂದಿ ಕೊಚ್ಚಿಹೋದರು. ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯು ಆಗ ಈ ಸಾಗರಕ್ಕೆ ಇರಲಿಲ್ಲ. ಹೈದರಾಬಾದಿನಲ್ಲಿ ಅಂಥ ಕೇಂದ್ರವು ೨೦೦೭ರಲ್ಲಿ ಏರ್ಪಟ್ಟಿತು.

ದೇವಾಲಯದೊಳಕ್ಕೆ ನೀರು ನುಗ್ಗಲಿಲ್ಲವೆಂದು, ಅದೊಂದು ಪವಾಡವೆಂದು ಹಲವರು ಹೇಳಿದರು. ಆದರೆ ಮಕ್ಕಳನ್ನು ಕಳೆದುಕೊಂಡವರೆದುರು ಆ ಮಾತನ್ನಾಡಲು ನಮಗೆ ನಾಲಗೆ ಏಳದು. ಬಿರುಗಾಳಿಯಿಂದ ನಾವಿಕರನ್ನು ದಡ ಸೇರಿಸಿದವಳೆಂದು ಯಾರನ್ನು ಹಾಡಿ ಹೊಗಳಿದರೋ, ಅವಳ ಅಂಗಳದಲ್ಲಿಯೇ ಕಡಲು ಅವಳ ಭಕ್ತರನ್ನು ಒಯ್ದಿತು. ಅಂದಮೇಲೆ ಜನರು ಮತ್ತೆ ಇಲ್ಲಿಗೆ ಏಕೆ ಬರುತ್ತಾರೆ?

ಸಂಜೆ ಕಡಲ ದಡದಲ್ಲಿ ವೃದ್ಧೆಯೊಬ್ಬಳು ದೇವಾಲಯಕ್ಕೆ ಬೆನ್ನುಮಾಡಿ, ಅಲೆಗಳ ಕಡೆಗೆ ಮುಖಮಾಡಿ ಜಪಸರವನ್ನು ಎಣಿಸುತ್ತಿದ್ದಳು. ಅವಳ ದುಃಖವೇನೆಂದು ನಾವು ಕೇಳಲಿಲ್ಲ. ಅವಳ ತುಟಿಗಳು ಆ ಎರಡು ಗಳಿಗೆಗಳನ್ನೇ ಮತ್ತೆ ಮತ್ತೆ ಹೆಸರಿಸುತ್ತಿದ್ದುವು. ಆಗ ನಮಗೆ ಉತ್ತರವು ಕೊಂಚ ಹೊಳೆದಂತಾಯಿತು. ಕಥೋಲಿಕರ ಈ ತಾಯಿ ದುಃಖದಿಂದ ಪಾರಾದವಳಲ್ಲ. ಮಗನನ್ನು ಶಿಲುಬೆಗೇರಿಸಿದಾಗ ಅದರ ಬುಡದಲ್ಲಿ ನಿಂತಿದ್ದವಳೆಂದು ಯೋಹಾನನ ಸುವಾರ್ತೆಯು ಹೇಳುತ್ತದೆ. ಸೆಪ್ಟೆಂಬರ್ ೮ರಂದು ಅವಳ ಹುಟ್ಟುಹಬ್ಬವಾದರೆ, ಒಂದೇ ವಾರ ಕಳೆದು ೧೫ರಂದು ವ್ಯಾಕುಲಮಾತೆಯೆಂಬ ಹೆಸರಿನಲ್ಲಿ ಅವಳ ದುಃಖದ ಸ್ಮರಣೆ ಬರುವುದು. ಆ ದಿನ ಅವಳು ಏನನ್ನೂ ತಡೆಯಲಾರದೆ ಹೋದಳು. ಆದರೂ ಬಿಟ್ಟು ಹೋಗಲಿಲ್ಲ. ಗುಣವಾದವರು ಬೆಳ್ಳಿಯ ತಗಡನ್ನು ತರುತ್ತಾರೆ. ಗುಣವಾಗದವರೂ, ಕಳೆದುಕೊಂಡವರೂ ಬರುವುದು, ಹಾಗೆ ನಿಂತವಳ ಬಳಿಯಲ್ಲಿ ತಾವೂ ನಿಲ್ಲುವುದಕ್ಕೆ.

೨೦೧೦ರಲ್ಲಿ ನಾಗಪಟ್ಟಣದಿಂದ ವೇಲಾಂಕಣಿಗೆ ರೈಲುಮಾರ್ಗವೂ ಆಗಿರುವುದರಿಂದ ಪ್ರಯಾಣವು ಈಗ ಕಷ್ಟವಲ್ಲ. ಅಲ್ಲಿಗೆ ಹೋಗುವ ಕನ್ನಡಿಗರು, ಯಾವ ಮತದವರೇ ಆಗಲಿ, ದೇವಾಲಯವನ್ನೂ ಹರಕೆಯ ವಸ್ತುಗಳನ್ನೂ ನೋಡಿದ ಮೇಲೆ, ಸುನಾಮಿಯಲ್ಲಿ ಮಡಿದವರ ಸ್ಮಾರಕದ ಮುಂದೆಯೂ ಒಂದು ಗಳಿಗೆ ನಿಂತು ಬರಬೇಕೆಂದು ನಮ್ಮ ಬಿನ್ನಹ.