ಮಗಳು ತೋರಿಸಿದ ಶ್ರೀರಂಗಪಟ್ಟಣ

ಮಕ್ಕಳನ್ನು ಹಾಸ್ಟೆಲ್ಲಿನಲ್ಲಿ ಬಿಟ್ಟ ತಾಯಂದಿರಿಗೆ ಭಾನುವಾರ ಬಂತೆಂದರೆ ಏನೋ ಕಳವಳ, ಅಲ್ಲವೇ? ಮೈಸೂರಿನಲ್ಲಿ ಓದುವ ನನ್ನ ಮಗಳು ಫೋನಿನಲ್ಲಿ "ಗೆಳತಿಯರ ಜೊತೆ ಸುತ್ತೋಕೆ ಹೋಗಿದ್ದೆ" ಅಂದಾಗಲೆಲ್ಲ, "ಓದೋಕೆ ಕಳಿಸಿದ್ದೋ, ಅಲೆಯೋಕೋ?" ಎಂದು ಗದರಿದ್ದುಂಟು. ಈಚೆಗೆ ಅವಳನ್ನು ನೋಡಲು ಹೋದಾಗ, "ಅಮ್ಮಾ, ಈ ವಾರ ನೀನೂ ಬಾ. ಎಲ್ಲಿ ಅಲೀತೀವಿ ಅಂತ ನೋಡುವೆಯಂತೆ" ಎಂದುಬಿಟ್ಟಳು!

ಸರಿ, ತಂಗಿಯ ಮನೆಯಲ್ಲಿ ಬೇಗ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು, ಮಗಳು ಮತ್ತು ಅವಳ ಇಬ್ಬರು ಗೆಳತಿಯರ ಜೊತೆ ಶ್ರೀರಂಗಪಟ್ಟಣಕ್ಕೆ ಹೊರಟೆ. ಮೈಸೂರಿನಿಂದ ಸುಮಾರು 15 ಕಿಲೋಮೀಟರ್. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸು ಶುರುವಾಯಿತಲ್ಲ, ಆಧಾರ್ ಕಾರ್ಡ್ ತೋರಿಸಿದೆವು, ಕಾಸಿನ ಖರ್ಚಿಲ್ಲ.

ಮೊದಲು ಆದಿರಂಗನ ದರ್ಶನ. ಶೇಷನ ಮೇಲೆ ಮಲಗಿದ ಸ್ವಾಮಿ, ಪಾದದ ಬಳಿ ಕಾವೇರಿ. ಇಲ್ಲಿಗೆ ಹಿಂದೆ ಮನೆಯವರೊಡನೆ ಬಂದಿದ್ದೆ. ಆದರೆ ಆಗ ದರ್ಶನ, ಪ್ರಸಾದ, ಮತ್ತೆ ಬಸ್ಸು. ಅಷ್ಟೇ!

ಹುಡುಗಿಯರು ಅಲ್ಲಿಗೇ ಬಿಡಲಿಲ್ಲ. ರೈಲು ಹಳಿಯ ಹತ್ತಿರ ಟಿಪ್ಪುವಿನ ಕಾಲದ ಮದ್ದಿನ ಮನೆ ತೋರಿಸಿದರು. ಜೋಡಿ ಹಳಿ ಹಾಕುವುದಕ್ಕೆ ಅಡ್ಡವಾಗಿದೆಯೆಂದು 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ಆಚೆಗೆ ಸರಿಸಿದರಂತೆ. ನಾವು ಅಕ್ಕಿ ಡಬ್ಬ ಸರಿಸುವುದಕ್ಕೇ ಉಸ್ಸೆನ್ನುತ್ತೇವೆ!

ಆಮೇಲೆ ಆಟೋದಲ್ಲಿ ದರಿಯಾ ದೌಲತ್. 1784ರ ಅರಮನೆ, ಹೆಚ್ಚೆಲ್ಲ ತೇಗದ ಮರ. ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಆನೆ, ಕುದುರೆ, ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಕರ್ನಲ್ ಬೇಲಿ. ಮಗಳು ಒಂದೊಂದಾಗಿ ತೋರಿಸಿ ಹೇಳುತ್ತಿದ್ದರೆ ನಾನು ಶಾಲೆಯ ಹುಡುಗಿಯಂತೆ ಕೇಳುತ್ತಿದ್ದೆ. ಗುಂಬಜ್‌ನಲ್ಲಿ ಹೈದರಾಲಿ, ಅವನ ಹೆಂಡತಿ, ಮಗ ಟಿಪ್ಪು ಒಟ್ಟಿಗೆ ಮಲಗಿದ್ದಾರೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಅವನನ್ನೂ ಇಲ್ಲಿಗೇ ತಂದರು. ಅಲ್ಲಿನ ಕರಿಕಲ್ಲಿನ ಕಂಬಗಳ ಹೊಳಪು ನೋಡಬೇಕು ನೀವು.

ಕೊನೆಗೆ ಸಂಗಮ. ಊರನ್ನು ಬಳಸಿ ಬಂದ ಕಾವೇರಿಯ ಎರಡು ಕವಲು ಮತ್ತೆ ಕೂಡುವ ಜಾಗ. ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಉಂಡೆವು. ತಣ್ಣನೆಯ ನೀರು ಕಂಡು ನನಗೇ ತಡೆಯದೆ ಸೀರೆ ಎತ್ತಿ ಕಟ್ಟಿ ಇಳಿದೆ. ಇನ್ನೊಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಮಗಳು ಗಟ್ಟಿಯಾಗಿ ಕೈ ಹಿಡಿದಳು. "ಬೇಡಮ್ಮಾ, ಅಲ್ಲಿಂದಾಚೆ ಸೆಳೆತ ಇದೆ. ನಾವು ಯಾವತ್ತೂ ಇಳಿಯಲ್ಲ."

ನಾನು ಏನು ಹೇಳಬೇಕೆಂದು ಬಂದಿದ್ದೆನೋ ಅದನ್ನು ಅವಳೇ ನನಗೆ ಹೇಳಿದ್ದಳು! ಎಸ್ಸೆಸ್ಸೆಲ್ಸಿ ಆದಮೇಲೆ, ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಓದು ನಿಂತಿತ್ತು. ನಮ್ಮಪ್ಪನಿಗೂ ಇದೇ ಭಯ ಇತ್ತೇನೋ. ಅದನ್ನೇ ನಾನು ಮಗಳಿಗೂ ಹೊರಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನೀವೂ ಮಕ್ಕಳ ಜೊತೆ ಒಂದು ದಿನ ಹೋಗಿ ಬನ್ನಿ. ಬುತ್ತಿ, ನೀರು, ಬಿಸಿಲಿಗೆ ಛತ್ರಿ ಇರಲಿ. ಸಂಗಮದಲ್ಲಿ ಮಾತ್ರ ಹೊಳೆಗೆ ಇಳಿಯಬೇಡಿ. ದಾರಿ ಅವರೇ ತೋರಿಸಲಿ, ನೀವು ಸುಮ್ಮನೆ ಹಿಂದೆ ನಡೆಯಿರಿ.