ಒಡೆಸಿದ ಕಾಳು

ಇಪ್ಪತ್ತೈದು ಕೇಜಿ ಬಾರ್ಲಿ ಮಾಲ್ಟನ್ನು ಒಂದೇ ದಿನ ಒಡೆಸಿಕೊಂಡು ಬಂದದ್ದು ನನ್ನದೇ ತಪ್ಪು. ಅಂಗಡಿಯವನು ಒಂದು ಮಾತು ಕೇಳಿದ್ದ, ‘ಅಷ್ಟೂ ಈಗಲೇ ಬೇಕಾ?’ ಅಂತ. ಬೇಕು ಅಂದಿದ್ದೆ.

2015ರ ಏಪ್ರಿಲ್, ಊರು ಮಿನಿಯಾಪೊಲಿಸ್. ಕಂಪನಿ ಕೆಲಸದ ಮೇಲೆ ಎರಡು ವರ್ಷಕ್ಕೆಂದು ಹೋಗಿದ್ದೆ. ಟೀಮಿನ ಒಬ್ಬ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಅಲ್ಲಿ ಅದೇನೂ ಕದ್ದು ಮಾಡುವ ಕೆಲಸವಲ್ಲ. 1978ರಲ್ಲಿ ಕಾನೂನು ಬದಲಾದ ಮೇಲೆ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಅವನ ಗ್ಯಾರೇಜಿನಲ್ಲಿ ಒಂದು ಶನಿವಾರ ಕಳೆದವನು ಮುಂದಿನ ಶನಿವಾರ ನಾನೇ ಪಾತ್ರೆ, ಬಕೆಟ್ಟು, ಥರ್ಮಾಮೀಟರ್ ಕೊಂಡು ತಂದೆ. ಕುಡಿಯುವ ಆಸೆಗಿಂತ ಪ್ರಯೋಗದ ಆಸೆ ಹೆಚ್ಚಿತ್ತು ಅಂತ ಈಗಲೂ ಹೇಳಿಕೊಳ್ಳುತ್ತೇನೆ.

ಮಾಲ್ಟ್ ಅಂದರೆ ಮೊಳಕೆ ಬರಿಸಿ, ಮೊಳಕೆ ಬೆಳೆಯದಂತೆ ಒಣಗಿಸಿದ ಕಾಳು. ಬಿಯರಿಗೆ ಅದನ್ನು ಹಿಟ್ಟು ಮಾಡುವಂತಿಲ್ಲ, ಒಡೆಯಬೇಕು ಅಷ್ಟೆ. ಎರಡು ರೋಲರುಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಬಿಟ್ಟು ಕಾಳನ್ನು ಹಾಯಿಸಿದರೆ ಒಳಗಿನ ತಿರುಳು ನುಚ್ಚಾಗುತ್ತದೆ, ಸಿಪ್ಪೆ ಹೆಚ್ಚುಕಮ್ಮಿ ಇಡಿಯಾಗಿ ಉಳಿಯುತ್ತದೆ. ಆಮೇಲೆ 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಸಿಹಿ ರಸ ಬಸಿಯುವಾಗ ಆ ಸಿಪ್ಪೆಯೇ ಜರಡಿ. ಒಡೆಯುವ ಮಿಲ್ಲು ನನ್ನಲ್ಲಿರಲಿಲ್ಲ. ಇಡೀ ಮೂಟೆ ಕೊಂಡರೆ ಅಗ್ಗ, ಒಡೆದೂ ಕೊಡುತ್ತಾರೆ. ಲೆಕ್ಕ ಹಾಕಿದೆ: ಒಂದು ಸಲಕ್ಕೆ 19 ಲೀಟರ್, ಅದಕ್ಕೆ ಐದು ಕೇಜಿ ಕಾಳು, ಎರಡು ವಾರಕ್ಕೊಮ್ಮೆ ಕುದಿಸಿದರೆ ಹತ್ತು ವಾರದಲ್ಲಿ ಮೂಟೆ ಖಾಲಿ. ಯೋಜನೆ ಬರೆಯುವುದು ನನ್ನ ಹೊಟ್ಟೆಪಾಡು. ಅದು ಯಾಕೆ ಬರೆದ ಹಾಗೆ ನಡೆಯಲಿಲ್ಲ ಎಂದು ಪ್ರತಿ ಸೋಮವಾರ ವಿವರಿಸುವುದೂ ಅದೇ ಹೊಟ್ಟೆಪಾಡು.

ಮೊದಲ ಸಲದ್ದು ಚೆನ್ನಾಗಿಯೇ ಬಂತು. ಆಮೇಲೆ ರಿಲೀಸ್ ಎರಡು ತಿಂಗಳು ಮುಂದೆ ಹೋಯಿತು, ಜೂನಿನಲ್ಲಿ ಮಗಳು ಹುಟ್ಟಿದಳು. ಹತ್ತು ಕೇಜಿಯನ್ನು ತಿರುಪಿನ ಮುಚ್ಚಳದ ಎರಡು ಡಬ್ಬಿಗಳಿಗೆ ತುಂಬಿಟ್ಟಿದ್ದೆ. ಮಿಕ್ಕ ಹತ್ತು ಕೇಜಿ ಕಾಗದದ ಮೂಟೆಯಲ್ಲೇ, ಬಾಯಿ ಮಡಚಿಕೊಂಡು, ಬೇಸ್‌ಮೆಂಟಿನ ಸಿಮೆಂಟು ನೆಲದ ಮೇಲೆ ಕೂತಿತ್ತು.

ಒಡೆಯದ ಮಾಲ್ಟಿನಲ್ಲಿ ನೀರಿನಂಶ ನೂರಕ್ಕೆ ನಾಲ್ಕೈದರಷ್ಟೇ. ತಂಪಾಗಿ, ಒಣದಾಗಿ ಇಟ್ಟರೆ ಒಂದು ವರ್ಷ ಏನೂ ಆಗುವುದಿಲ್ಲ. ಅದರ ಸಿಪ್ಪೆಯೇ ಅದಕ್ಕೆ ಮುಚ್ಚಳ. ಒಡೆದ ಕ್ಷಣ ಆ ಮುಚ್ಚಳ ಹೋಯಿತು. ನುಚ್ಚು ಗಾಳಿಯಿಂದ ಪಸೆ ಹೀರುತ್ತದೆ, ಮೊಳಕೆಯ ಭಾಗದಲ್ಲಿರುವ ಜಿಡ್ಡಿಗೆ ಗಾಳಿ ತಾಗಿ ಕಮಟಾಗುತ್ತದೆ, ಹುಳುವಿಗೂ ಹಲ್ಲು ಸವೆಸುವ ಕೆಲಸ ತಪ್ಪುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಒಂದೆರಡು ತಿಂಗಳು ಧೈರ್ಯವಾಗಿ ಬಳಸಬಹುದು. ತೆರೆದಿಟ್ಟರೆ ಎರಡು ವಾರವೇ ಹೆಚ್ಚು. ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬಾರದು, ತಣ್ಣಗಿನ ಕಾಳಿನ ಮೇಲೆ ಗಾಳಿಯ ನೀರು ಕೂರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಓದಿದ್ದೆ. ಮಿನ್ನೆಸೋಟಾ ಅಂದರೆ ಹಿಮ ಅಂದುಕೊಂಡವನಿಗೆ ಜುಲೈ ತಿಂಗಳ ಸೆಕೆ ಮಾತ್ರ ಲೆಕ್ಕದಲ್ಲಿರಲಿಲ್ಲ.

ಬಾಣಂತನಕ್ಕೆ ಬಂದದ್ದು ನನ್ನ ಅಮ್ಮ. ಅತ್ತೆಗೆ ಆಗ ಮಂಡಿ ಆಪರೇಷನ್ ಆಗಿತ್ತು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಬೆಂಗಳೂರಿಗೇ ನಾಲ್ಕು ಸಲ ಬಂದಿದ್ದವಳು ಒಬ್ಬಳೇ ಎರಡು ವಿಮಾನ ಬದಲಾಯಿಸಿ ಬಂದಳು. ಬರುವ ಮೊದಲು ನಾನು ಪಾತ್ರೆಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿದೆ. ಮೂಟೆ, ಡಬ್ಬಿಗಳು ಉಳಿದವು. ಏನದು ಅಂತ ಕೇಳಿದಳು. ‘ಬಾರ್ಲಿ, ಸೂಪಿಗೆ’ ಅಂದೆ.

ಬಟ್ಟೆ ಒಗೆಯುವ ಮಿಷಿನ್ನು ಬೇಸ್‌ಮೆಂಟಿನಲ್ಲಿತ್ತು. ಮಗುವಿನ ಬಟ್ಟೆಗೆಂದು ದಿನಕ್ಕೆರಡು ಸಲ ಇಳಿಯುತ್ತಿದ್ದವಳ ಮೂಗಿಗೆ ಮರೆಮಾಚುವುದು ಸಾಧ್ಯವೇ? ಆಗಸ್ಟಿನ ಒಂದು ಬೆಳಿಗ್ಗೆ ಹಿಡಿ ನುಚ್ಚು ತಂದು ಅಡುಗೆಮನೆಯ ಕಟ್ಟೆ ಮೇಲೆ ಸುರಿದಳು. ಬಾಯಿಗೆ ಹಾಕಿಕೊಂಡು ಅಗಿದಳು.

‘ಇದು ಮೊಳಕೆ ಕಟ್ಟಿ ಒಣಗಿಸಿರೋದು. ಸೂಪಿಗೆ ಯಾರು ಮೊಳಕೆ ಕಟ್ತಾರೆ?’

ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಉಜ್ಜಿ, ಹುರಿದು, ಬೀಸಿ ಸರಿಹಿಟ್ಟು ಮಾಡಿ ನಮ್ಮನ್ನೆಲ್ಲ ಬೆಳೆಸಿದವಳು. ಮೊಳಕೆ ಬಂದ ಕಾಳು ಪಿಷ್ಟವನ್ನು ಸಿಹಿ ಮಾಡುತ್ತದೆ, ಗಂಜಿಯನ್ನು ತೆಳುವಾಗಿಸುತ್ತದೆ, ಮಗು ಹೆಚ್ಚು ಕುಡಿಯುತ್ತದೆ. ಬಿಯರಿನ ಮೊದಲ ಅರ್ಧ ಕೂಡ ಇಷ್ಟೇ. ಎಂಟೆಕ್ ಓದಿದ ನಾನು ಆ ಅರ್ಧವನ್ನು ಹೊಸದಾಗಿ ಕಲಿತೆ ಅಂದುಕೊಂಡಿದ್ದೆ.

ಹೇಳಿದೆ. ಅವಳ ಮುಖ ನೋಡದೆ ಹೇಳಿದೆ. ನಮ್ಮ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅಮ್ಮನ ಅಣ್ಣ ಸಾರಾಯಿಯಿಂದ ಹೋದವರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ, ಮಾವ ಹೋದದ್ದು ಅದಕ್ಕೂ ಹತ್ತು ವರ್ಷ ಮೊದಲು. ಕೊನೆಯ ಎರಡು ವರ್ಷ ಅಮ್ಮನೇ ಅವರ ಮಕ್ಕಳಿಗೆ ಕಾಳು ಕಡಿ ಕಳಿಸುತ್ತಿದ್ದದ್ದು.

‘ಎಷ್ಟು ಕುಡೀತೀಯ?’

‘ಶನಿವಾರ ಒಂದು ಲೋಟ, ಅಷ್ಟೇ.’

‘ಅವನೂ ಶುರುನಲ್ಲಿ ಹಂಗೇ ಅಂತಿದ್ದ.’

ಅದಾದ ಮೇಲೆ ಮಗಳು ಅತ್ತಳು, ಅಮ್ಮ ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಇದು ಬಿಯರ್, ಸಾರಾಯಿಯಲ್ಲ, ಇದರಲ್ಲಿ ನೂರಕ್ಕೆ ಐದೇ ಅಂತೆಲ್ಲ ಹೇಳಲು ಸಿದ್ಧವಾಗಿದ್ದೆ.

ಮಧ್ಯಾಹ್ನ ಆಫೀಸಿನಿಂದ ಬರುವಾಗ ಹಿಂದಿನ ಡೆಕ್ಕಿನ ಮೇಲೆ ಅವಳ ಎರಡು ಹಳೇ ಸೀರೆ ಹಾಸಿತ್ತು, ಅದರ ಮೇಲೆ ಮೂಟೆಯ ಅಷ್ಟೂ ನುಚ್ಚು. ಅಳಿಲು ಬರದಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದಳು.

‘ಬೂಷ್ಟು ಬಂದಿಲ್ಲ, ಬಂದಿದ್ರೆ ಎಸೀತಿದ್ದೆ. ಮೆತ್ತಗಾಗಿದೆ ಅಷ್ಟೇ. ಅದ್ಯಾಕೋ ಎಲ್ಲಾನೂ ಒಂದೇ ದಿನ ಒಡೆಸ್ದೆ? ಬೀಸಿದ್ದಕ್ಕೆ ಆಯಸ್ಸು ಎಲ್ಲಿದೆ?’

ಮೂರು ದಿನ ಒಣಗಿಸಿದಳು. ಆ ಮೂರು ದಿನದಲ್ಲೇ ಅವಳ ತಾತನ ಮನೆಯ ಹಗೇವಿನ ಕಥೆ ಹೇಳಿದ್ದು. ಅಂಗಳದಲ್ಲಿ ನೆಲ ಅಗೆದು ಮಾಡಿದ ಕಣಜ, ಇಡೀ ರಾಗಿ ತುಂಬಿ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ಬಿಚ್ಚಿ ಬಹಳ ಹೊತ್ತು ಹಾಗೇ ಬಿಡಬೇಕು, ಅವಸರದಲ್ಲಿ ಇಳಿದವರು ಮೇಲೆ ಬರುತ್ತಿರಲಿಲ್ಲ. ಒಳಗಿನ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸಿಬಿಟ್ಟಿರುತ್ತದೆ. ಹುಳು ಬದುಕದಿರುವುದಕ್ಕೂ ಮನುಷ್ಯ ಬದುಕದಿರುವುದಕ್ಕೂ ಕಾರಣ ಒಂದೇ. ನನ್ನ ತಿರುಪಿನ ಡಬ್ಬಿ ಅದರ ಬಡ ಮೊಮ್ಮಗ.

ಮೂರನೇ ಸಂಜೆ ಅಗಿದರೆ ಕರಕ್ ಎನ್ನುತ್ತಿತ್ತು. ಮೂಸಿ ನೋಡಿ, ‘ಒಣಗಿದೆ. ಕಮಟು ಹೋಗಿಲ್ಲ. ಅದು ಹೋಗಲ್ಲ’ ಅಂದಳು. ಹೊಸ ಡಬ್ಬಿಗೆ ತುಂಬಿ ಮುಚ್ಚಳ ನನ್ನ ಕೈಯಲ್ಲೇ ತಿರುಗಿಸಿದಳು. ‘ಏನಾದ್ರೂ ಮಾಡ್ಕೋ. ನಾನಿರೋವಾಗ ಬೇಡ.’

ನವೆಂಬರಿನಲ್ಲಿ ಅವಳನ್ನು ವಿಮಾನ ಹತ್ತಿಸಿ ಬಂದ ವಾರ ಅದೇ ಕಾಳಿನಿಂದ ಕುದಿಸಿದೆ. ಹೈಡ್ರೋಮೀಟರ್ 1.050 ತೋರಿಸಬೇಕಿತ್ತು, 1.041 ತೋರಿಸಿತು. ಬಿಯರ್ ಆಯಿತು. ನೆನೆದ ರಟ್ಟು ಅಗಿದ ಹಾಗಿತ್ತು. ಎರಡು ಬಾಟಲಿ ಹೇಗೋ ಮುಗಿಸಿ, ಮಿಕ್ಕದ್ದನ್ನು ಸಿಂಕಿಗೆ ಸುರಿಯುವಾಗ ಹೆಂಡತಿ, ‘ಅತ್ತೆ ಮೂರು ದಿನ ಬಿಸಿಲಲ್ಲಿ ಕೂತಿದ್ರು’ ಅಂದಳು. ಆ ಕಾಳಿನ ಮೇಲಿದ್ದ ಸಿಟ್ಟೆಲ್ಲ ಆ ಒಂದು ಮಾತಿನ ಮುಂದೆ ಕರಗಿ, ಬೇರೇನೋ ಆಯಿತು. ಉಳಿದ ಕಾಳು ಸಹೋದ್ಯೋಗಿಯ ಕೋಳಿಗಳಿಗೆ ಹೋಯಿತು.

ಈಗ ಪುಣೆ. ಮಹಾರಾಷ್ಟ್ರದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ, ಹಾಗಾಗಿ ಪಾತ್ರೆಗಳನ್ನು ಅಲ್ಲೇ ಕೊಟ್ಟು ಬಂದೆ. ಅಮ್ಮನಿಗಾಗಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಒಂದು ಲೋಟ ಕುಡಿಯುತ್ತೇನೆ, ಅವಳು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಡಬ್ಬಿಗಳು ಮಾತ್ರ ಸಾಮಾನಿನ ಜೊತೆ ಬಂದವು. ಊರಿಂದ ಬರುವ ರಾಗಿ ಅದರಲ್ಲಿರುತ್ತದೆ, ಇಡಿಯಾಗಿ. ಹದಿನೈದು ದಿನಕ್ಕೆ ಎರಡು ಕೇಜಿ ಕೆಳಗಿನ ಗಿರಣಿಗೆ ಒಯ್ಯುತ್ತೇನೆ. ಈ ಕೆಲಸ ಮನೆಯಲ್ಲಿ ನನ್ನದು.

ಕಳೆದ ದೀಪಾವಳಿಗೆ ಅಮ್ಮ ಬಂದಿದ್ದಳು. ಬಂದ ಮಾರನೇ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಆ ಡಬ್ಬಿಯ ಮುಂದೆ ಕೂತು ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು. ಕೈಯಲ್ಲಿ ಮೊದಲಿನ ಬಲವಿಲ್ಲ. ನಾನು ತಿರುಗಿಸಿ ಕೊಟ್ಟೆ. ಬಗ್ಗಿ ಮೂಸಿದಳು, ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು, ಮತ್ತೆ ಒಳಗೆ ಬಿಟ್ಟಳು.

‘ಬಿಗಿಯಾಗಿ ಮುಚ್ಚು’ ಅಂದಳು.