ಕಾರ್ಬನ್ ಹಾಳಿ

ಹ್ವಾದ ವಾರ ಅಟ್ಟದ ಮ್ಯಾಲಿಂದ ಒಂದು ತಗಡಿನ ಟ್ರಂಕ್ ಇಳಿಸಿದ್ವಿ. ಹಳೀ ಕೌದಿ ಇರಬೇಕು ಅನ್ಕೊಂಡಿದ್ದೆ, ತೆರದು ನೋಡಿದ್ರ ಬರೇ ಹಾಳಿ. ಪೇಪರ್ ಕಟಿಂಗು, ಟಿ.ಎ. ಡಿ.ಎ. ವೋಚರು, ಮ್ಯಾಚಿನ ಪಟ್ಟಿ, ಕಾರ್ಬನ್ ಕಾಪಿ. ಆ ಕಾರ್ಬನ್ ಕಾಪಿಯಾಗಿನ ಅಕ್ಷರ ಎಲ್ಲಾ ನನ್ನವೇ.

ನಮ್ಮ ಮನಿಯವ್ರು 1986ರಿಂದ 2021ರ ತನಕಾ ಡಿಗ್ರಿ ಕಾಲೇಜಿನಾಗ ಫಿಜಿಕಲ್ ಡೈರೆಕ್ಟರ್ ಇದ್ರು. ಸೀಟಿ ಊದೂದೇ ಕೆಲಸ ಅಂತ ಮಂದಿ ತಿಳ್ಕೊಂಡಾರ. ಖರೆ ನೋಡಿದ್ರ ಸೀಟಿಗಿಂತ ಪೆನ್ನೇ ಹೆಚ್ಚು. 1980ರಾಗ ಗುಲಬರ್ಗಾ ಯೂನಿವರ್ಸಿಟಿ ಆಯ್ತು, ಅದಕ್ಕಿಂತ ಮೊದ್ಲು ನಮ್ಮ ಕಡಿ ಕಾಲೇಜು ಧಾರವಾಡದ ಕೈಯಾಗ ಇದ್ವು. ಆಗ ಬೀದರ, ರಾಯಚೂರು, ಬಳ್ಳಾರಿ ಎಲ್ಲಾ ಇದೇ ಯೂನಿವರ್ಸಿಟಿಗಿ. ಒಂದು ಟೂರ್ನಮೆಂಟ್ ಅಂದ್ರ ಎಷ್ಟು ಊರಿನ ಪೋರ ಪೋರ್ಯಾರು! ಒಬ್ಬೊಬ್ಬರ ಫಾರಂ ತುಂಬಬೇಕು, ಹುಟ್ಟಿದ ತಾರೀಖಿಗಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಚ್ಚಬೇಕು, ಪ್ರಿನ್ಸಿಪಾಲರ ಸಹಿ ಆಗಬೇಕು. ಖೋ ಖೋ ಆಡೂದು ಒಂಬತ್ತು ಮಂದಿ, ತಂಡದಾಗ ಹನ್ನೆರಡು. ಹನ್ನೆರಡೂ ಮಂದಿದು ಊಟ, ಬಸ್ಸಿನ ಖರ್ಚು, ರೆವಿನ್ಯೂ ಸ್ಟಾಂಪಿನ ಮ್ಯಾಲ ಸಹಿ.

ಇಷ್ಟೆಲ್ಲಾ ಮುಗಿದ ಮ್ಯಾಲ ಪೇಪರಿನವ್ರ ಕೆಲಸ. ಚಂದ್ರಶೇಖರ ಪಾಟೀಲ ಸ್ಟೇಡಿಯಂನಿಂದ ಸಂಜಿಗಿ ಮನಿಗಿ ಬಂದು, ಛಾ ಕುಡಿತಾ ಇವ್ರು ಹೇಳ್ತಿದ್ರು, ನಾ ಬರಿತಿದ್ದೆ. ಇವ್ರ ಅಕ್ಷರ ಕ್ವಾಳಿ ಕಾಲು, ನಾ ಪಿಯುಸಿ ಓದಿದಾಕಿ, ಅಕ್ಷರ ದುಂಡಗ. ಮೂರು ಕಾರ್ಬನ್ ಇಟ್ಟು ಒತ್ತಿ ಬರದ್ರ ನಾಕು ಪ್ರತಿ. ಕೆಳಗಿನ ಪ್ರತಿ ಮಸಕ ಮಸಕ ಬರ್ತಿತ್ತು, ಅದು ನಮ್ಮ ಸುದ್ದಿ ಎಂದೂ ಹಾಕದಿದ್ದ ಪೇಪರಿಗಿ! ಏಳು ಗಂಟಿ ಒಳಗ ಮುಟ್ಟಬೇಕು. ಎಷ್ಟೋ ಸಲ ಹಿಟ್ಟಿನ ಕೈ ತೊಳಕೊಂಡು ಬರದೀನಿ, ಹಂಚಿನ ಮ್ಯಾಲ ರೊಟ್ಟಿ ಸುಟ್ಟಾವ. ಸೋತ ತಂಡದವ್ರ ಹೆಸರೂ ಬರೀಬೇಕು ಅಂತ ಇವ್ರ ಹಟ. "ಅವ್ರ ಮನ್ಯಾಗೂ ಪೇಪರ್ ಓದ್ತಾರ" ಅಂತಿದ್ರು.

1996ರಾಗ ಕಮಲಾಪುರ ಕಡಿ ಪೋರಿ ಒಬ್ಬಾಕಿ ಇದ್ಲು, ಹಾಸ್ಟೆಲಿನಾಗ ಇದ್ದು ಓದ್ತಿದ್ಲು. ಖೋ ಖೋದಾಗ ಅಕಿ ಕಂಬಕ್ಕ ಡೈವ್ ಹೊಡದ್ರ ನೋಡವ್ರು ಉಸಿರು ಹಿಡೀತಿದ್ರು. ಫೈನಲ್ ಗೆದ್ದ ದಿನ ಸ್ಟುಡಿಯೋದವ ಎರಡು ಫೋಟೋ ತಂದು ಕೊಟ್ಟ. ಒಂದು ಕಪ್ ಹಿಡಕೊಂಡು ಎಲ್ಲಾರೂ ನಿಂತದ್ದು, ಒಂದು ಅಕಿ ಒಬ್ಬಾಕಿನೇ, ಚಡ್ಡಿಮ್ಯಾಲ, ಮೈಯೆಲ್ಲಾ ಗಾಳ್ಯಾಗ. ಇವ್ರು ಕಪ್ಪಿನ ಫೋಟೋ ಕಳಸು ಅಂದು ಗ್ರೌಂಡಿನ ಲೆಕ್ಕಕ್ಕ ಹ್ವಾದ್ರು. ನನ್ನ ತವರಮನಿ ಕೋಟಿ ಬಾಜೂಕ. ಸಣ್ಣಾಕಿ ಇದ್ದಾಗ ಕೋಟಿ ಒಳಗಿನ ಬಯಲಾಗ ನಾನೂ ಖೋ ಆಡೀನಿ, ದೊಡ್ಡಾಕಿ ಆದ ದಿನ ಅವ್ವ ಬಿಡಿಸಿದ್ಲು. ಆ ಫೋಟೋ ನೋಡಿ ನನಗ ಏನಾಯ್ತೋ, ಕವರಿನಾಗ ಅದನ್ನೇ ಹಾಕಿ ಕಳಿಸ್ದೆ.

ಮರುದಿನ ದೊಡ್ಡದಾಗಿ ಬಂತು. ಮೂರನೇ ದಿನ ಅಕಿ ಅಣ್ಣ ಹಾಸ್ಟೆಲಿಗಿ ಬಂದು ಟ್ರಂಕ್ ಸಮೇತ ಕರಕೊಂಡು ಹ್ವಾದ.

ನಾವಿಬ್ರೂ ಬಸ್ ಹತ್ತಿ ಹೋದ್ವಿ. ಕಮಲಾಪುರ ಆಗಿನ್ನಾ ತಾಲೂಕು ಆಗಿರ್ಲಿಲ್ಲ. ಅವರಪ್ಪ ಬೈತಾನ ಅನ್ಕೊಂಡಿದ್ದೆ, ಬೈಲಿಲ್ಲ. "ಸರ್, ನೀವು ಛಲೋದಕ್ಕೇ ಮಾಡೀರಿ. ಆದ್ರ ಆ ಪೇಪರ್ ನಮ್ಮೂರ ಕಟ್ಟಿಮ್ಯಾಲ ಯಾರ್ಯಾರ ಕೈಯಾಗ ತಿರಗ್ತು, ಏನೇನು ಮಾತು ಬಂತು, ಅದು ನಾ ಕೇಳೀನ್ರಿ" ಅಂದ. ಇವ್ರು "ಫೋಟೋ ನಾನೇ ಕೊಟ್ಟಿದ್ದೆ, ತಪ್ಪು ನಂದು" ಅಂದ್ರು. ನಾ ಸೆರಗು ಹಿಡಕೊಂಡು ಸುಮ್ಮ ಕುಂತಿದ್ದೆ. ಒಂದು ಮಾತು ಬಾಯಾಗ ಬರ್ಲಿಲ್ಲ. ಹೊಂಟಾಗ ಅವರವ್ವ ಕೆಂಪು ಬಾಳಿಹಣ್ಣು ಕೊಟ್ಲು. ಪೋರಿ ಹೊರಗ ಬರ್ಲೇ ಇಲ್ಲ. ಪರೀಕ್ಷಾಕ್ಕಷ್ಟೇ ಕಳಿಸಿದ್ರು, ಆಟಕ್ಕ ಕಳಿಸ್ಲಿಲ್ಲ. ಯೂನಿವರ್ಸಿಟಿ ತಂಡದ ಪಟ್ಟಿಯಾಗ ಅಕಿ ಹೆಸರು ಹೊಡದು ಬ್ಯಾರೆ ಹೆಸರು ಬರದೆ.

ಬಸ್ಸಿನಾಗಾಗ್ಲಿ, ಆಮ್ಯಾಲಾಗ್ಲಿ ಇವ್ರು ಆ ಮಾತು ತಗೀಲಿಲ್ಲ. ಆದ್ರ ಅವತ್ತಿನಿಂದ ಪೋರ್ಯಾರ ಫೋಟೋ ಕಳಿಸೂ ಮೊದ್ಲು ಕೇಳ್ತಿದ್ರು: "ನಿಮ್ಮನ್ಯಾಗ ಏನರೆ ಅಂತಾರೇನವ್ವ?" ಟ್ರ್ಯಾಕ್ ಸೂಟ್ ಹಾಕಿಸಿ ನಿಂದರಿಸ್ತಿದ್ರು. ಅದು ನನಗ ಪೂರಾ ಒಪ್ಪಿಗಿ ಇರ್ಲಿಲ್ಲ. ಕಬಡ್ಡಿ ಆಡೂ ಪೋರಗೋಳು ಬನೀನಿನ ಮ್ಯಾಲ ಇದ್ದದ್ದು ಹಂಗೇ ಹೋಗ್ತಿತ್ತು, ಅವ್ರಿಗ್ಯಾರೂ ಕೇಳ್ತಿರ್ಲಿಲ್ಲ. ಆದ್ರ ನಾ ಯಾವ ಬಾಯಿಲೆ ಹೇಳ್ಲಿ?

ಮುಂದ ಫ್ಯಾಕ್ಸ್ ಬಂತು, ವಾಟ್ಸಾಪ್ ಬಂತು, ನನ್ನ ನೌಕರಿ ಹ್ವಾಯ್ತು. ಈಗಿನ ಪೋರ್ಯಾರು ತಮ್ಮ ಫೋಟೋ ತಾವೇ ಹಾಕ್ಕೋತಾರ.

ಟ್ರಂಕಿನಾಗ ಆ ಕಟಿಂಗ್ ಹುಡುಕಿದೆ, ಸಿಗಲಿಲ್ಲ. ಫೈನಲ್ ದಿನದ ಪ್ರೆಸ್ ನೋಟಿನ ಕಾರ್ಬನ್ ಕಾಪಿ ಸಿಕ್ತು, ಹನ್ನೆರಡು ಹೆಸರಿಂದು. ಇವ್ರು "ಏನದು?" ಅಂದ್ರು. "ಹಳೀ ಪಟ್ಟಿರಿ" ಅಂದೆ. ಉಳಿದದ್ದೆಲ್ಲಾ ರದ್ದಿಯವನಿಗಿ ಹಾಕಿದ್ವಿ. ಅದೊಂದು ಹಾಳಿ ನನ್ನ ಸೀರಿ ನಡುವ ಇಟ್ಟೀನಿ. ಮಸಿ ಮಸಕ ಆಗ್ಯಾದ, ಏಳನೇ ಹೆಸರು ಅಕಿದು.